ಕಾರು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ

ಕಾರಿನ ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಓಬಿಡಿ ಪೋರ್ಟ್ ಅಂತಾರೆ, ಆನ್-ಬೋರ್ಡ್ ಡಯಾಗ್ನೋಸ್ಟಿಕ್ಸ್, ಅಂದರೆ ಗಾಡಿ ತನ್ನ ಸ್ಥಿತಿಯನ್ನು ತಾನೇ ಹೇಳುವ ವ್ಯವಸ್ಥೆ. ಚೆಕ್ ಎಂಜಿನ್ ಲೈಟ್ ಹತ್ತಿದಾಗ ಗ್ಯಾರೇಜಿನವರು ಸ್ಕ್ಯಾನರ್ ಹಾಕುವ ಜಾಗ ಅದೇ. ಬಹಳ ಜನ ಅದನ್ನು ನೋಡಿಯೇ ಇರುವುದಿಲ್ಲ, ನೋಡುವ ಅವಶ್ಯಕತೆಯೂ ಇಲ್ಲ ಬಿಡಿ. ಅಮೆರಿಕದಲ್ಲಿ 1996ರಿಂದ ಕಾರುಗಳಿಗೆ ಇದು ಕಡ್ಡಾಯ. ನಮ್ಮಲ್ಲಿ ಹೊಗೆ ಮಿತಿಯ ಬಿಎಸ್ 4 ನಿಯಮದ ಜೊತೆ ಬಂತು, 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಓಬಿಡಿ 2 ಇದೆ. ನನ್ನದು ಅದಾದ ಮೇಲಿನದು, ಸೆಕೆಂಡ್ ಹ್ಯಾಂಡ್ ತಗೊಂಡ 1.2 ಲೀಟರ್ ಪೆಟ್ರೋಲ್ ಗಾಡಿ. ರೇಸಿಗೆ ಹೋಗುವಂಥದ್ದಲ್ಲ. ಹುಬ್ಬಳ್ಳಿಯ ನವನಗರದಿಂದ ಧಾರವಾಡಕ್ಕೆ ಕೆಲಸಕ್ಕೆ ಹೋಗಿ ಬರುವ, ಸಂತೆ ಸಾಮಾನು ಹೊರುವ, ಹಬ್ಬಕ್ಕೆ ಹಾವೇರಿಗೆ ಓಡುವ ಗಾಡಿ. ಇಂಥದರ ಪರ್ಫಾರ್ಮೆನ್ಸ್ ಅಳೆದು ಏನು ಮಾಡ್ತೀಯ ಅಂತ ಕೇಳಿದವರಿದ್ದಾರೆ. ರೇಸಿನ ಗಾಡಿ ಅಳೆಯೋಕೆ ಜನ ಇದ್ದಾರೆ, ದುಡ್ಡೂ ಇದೆ. ನಮ್ಮ ಗಾಡಿಯನ್ನು ನಾವೇ ಅಳೆದುಕೊಳ್ಳಬೇಕು, ಅಲ್ವಾ? ಅದಕ್ಕೇ ಈ ಪೋರ್ಟಿಗೆ ಜೋಡಿಸಿ ಲೆಕ್ಕ ಬರೆದಿಡುವ ಒಂದು ಡಬ್ಬಿಯನ್ನು ನಾನೇ ಕಟ್ಟಿಕೊಂಡೆ.

ಸುಲಭದ ದಾರಿ ಇಲ್ಲ ಅಂತಲ್ಲ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಬ್ಲೂಟೂತ್ ಡಾಂಗಲ್ ಸಿಗುತ್ತದೆ, ಮೇಲೆ ಇಎಲ್‌ಎಂ327 ಅಂತ ಬರೆದಿರುತ್ತದೆ. ಪೋರ್ಟಿಗೆ ಹಾಕಿ, ಫೋನಿನಲ್ಲಿ ಆಪ್ ತೆರೆದರೆ ಮುಗಿಯಿತು. ಆರ್‌ಪಿಎಂ, ವೇಗ, ಥ್ರಾಟಲ್, ಕೂಲೆಂಟ್ ತಾಪ, ಹತ್ತು ಮುಳ್ಳುಗಳು ಒಟ್ಟಿಗೆ ಕುಣಿಯುತ್ತವೆ. ನೋಡೋಕೆ ಚೆಂದ. ಫಾಲ್ಟ್ ಕೋಡ್ ಓದೋಕೆ ಅಷ್ಟು ಸಾಕು, ಬಹಳ ಜನಕ್ಕೆ ಅದಕ್ಕಿಂತ ಜಾಸ್ತಿ ಬೇಕಾಗಿಯೂ ಇಲ್ಲ. ತೊಂದರೆ ಕಾಣುವುದು ಅದನ್ನೇ ರೆಕಾರ್ಡ್ ಮಾಡಿ ಆಮೇಲೆ ಮನೆಯಲ್ಲಿ ಕೂತು ಗ್ರಾಫ್ ಹಾಕಿದಾಗ. ಆರ್‌ಪಿಎಂ ಒಂದು ಗಳಿಗೆಯದು, ವೇಗ ಇನ್ನೊಂದು ಗಳಿಗೆಯದು, ಥ್ರಾಟಲ್ ಮತ್ತೊಂದರದು. ಒಂದೇ ಸಾಲಿನಲ್ಲಿ ಅಚ್ಚಾಗಿರುವುದರಿಂದ ಒಟ್ಟಿಗೆ ನಡೆದಂತೆ ಕಾಣುತ್ತದೆ, ಅಷ್ಟೇ.

ಕಾರಣ ಸರಳ. ಈ ಪೋರ್ಟಿನಲ್ಲಿ ಕೇಳಿದರೆ ಮಾತ್ರ ಉತ್ತರ. ಗಾಡಿಯೊಳಗಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ತಂತಿಗೆ ಬಸ್ ಅಂತಾರೆ. ಆ ಬಸ್ಸಿನ ಮೇಲೆ ಬೇರೆ ಸಂದೇಶಗಳು ಓಡಾಡುತ್ತಲೇ ಇರುತ್ತವೆ, ಆದರೆ ಅವುಗಳ ಗುಟ್ಟು ಕಾರು ಮಾಡಿದ ಕಂಪನಿಗೆ ಗೊತ್ತು, ನಮಗಲ್ಲ. ನಮಗೆ ಅಧಿಕೃತವಾಗಿ ಗೊತ್ತಿರುವುದು ಪ್ರಶ್ನೆ-ಉತ್ತರದ ಭಾಷೆ. 7ಡಿಎಫ್ ಅನ್ನುವ ಐಡಿಯಲ್ಲಿ ಪ್ರಶ್ನೆ ಹಾಕಬೇಕು, ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, 7ಇ8 ಅನ್ನುವ ಐಡಿಯಲ್ಲಿ ಉತ್ತರಿಸುತ್ತದೆ. 0ಸಿ ಅಂತ ಕೇಳಿದರೆ ಆರ್‌ಪಿಎಂ: ಎರಡು ಬೈಟ್ ಬರುತ್ತವೆ, ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿ 4ರಿಂದ ಭಾಗಿಸಬೇಕು. 05 ಅಂದರೆ ಕೂಲೆಂಟ್ ತಾಪ, ಬಂದದ್ದರಲ್ಲಿ 40 ಕಳೆಯಬೇಕು. ಇಸಿಯು ಒಂದೊಂದು ಉತ್ತರಕ್ಕೆ 50 ಮಿಲಿಸೆಕೆಂಡ್‌ವರೆಗೆ ತಗೋಬಹುದು ಅಂತ ನಿಯಮವೇ ಇದೆ. ಅದರ ಮೇಲೆ ಬ್ಲೂಟೂತಿನ ತಡ. ಹೀಗಾಗಿ ಅಗ್ಗದ ಡಾಂಗಲ್‌ನಲ್ಲಿ ಸೆಕೆಂಡಿಗೆ ಹತ್ತಿಪ್ಪತ್ತು ಉತ್ತರ ಸಿಕ್ಕರೆ ದೊಡ್ಡದು. ಹತ್ತು ಮುಳ್ಳು ಇಟ್ಟುಕೊಂಡರೆ ಒಂದೊಂದಕ್ಕೆ ಸೆಕೆಂಡಿಗೆ ಒಂದೋ ಎರಡೋ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಎರಡು ಉತ್ತರಗಳ ನಡುವೆ ಗಾಡಿ 10 ಮೀಟರ್ ದಾಟಿರುತ್ತದೆ, ಗೇರ್ ಬದಲಾಗಿರುತ್ತದೆ, ನಮಗೆ ಗೊತ್ತೇ ಇಲ್ಲ.

ಅಂದರೆ ಜಾಸ್ತಿ ಕೇಳಿದಷ್ಟೂ ಪ್ರತಿಯೊಂದರ ಬಗ್ಗೆ ಕಡಿಮೆ ಗೊತ್ತಾಗುತ್ತದೆ. ನಾನು ಈ ಡಬ್ಬಿ ಕಟ್ಟೋಕೆ ಕೂತಾಗ ಮೊದಲು ಮಾಡಿದ್ದು ಬೆಸುಗೆಯೂ ಅಲ್ಲ, ಕೋಡೂ ಅಲ್ಲ. ಏನು ಕೇಳಬಾರದು ಅಂತ ಒಂದು ಹಾಳೆಯಲ್ಲಿ ಹೊಡೆದು ಹಾಕುತ್ತಾ ಹೋದದ್ದು. ಕೂಲೆಂಟ್ ತಾಪ ನಿಮಿಷಕ್ಕೊಮ್ಮೆ ಸಾಕು. ಎಂಜಿನ್ ಲೋಡ್ ಅನ್ನುವುದು ಇಸಿಯು ತಾನೇ ಲೆಕ್ಕ ಹಾಕಿ ಕೊಡುವ ಶೇಕಡಾವಾರು, ನನಗೆ ಮೂಲ ಸಂಖ್ಯೆಗಳೇ ಸಿಗುವಾಗ ಅದು ಯಾಕೆ? ಕೊನೆಗೆ ಉಳಿದದ್ದು ಆರ್‌ಪಿಎಂ, ಇನ್‌ಟೇಕ್ (ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ) ಒತ್ತಡ, ಇನ್‌ಟೇಕ್ ಗಾಳಿಯ ತಾಪ, ಥ್ರಾಟಲ್. ಎಂಜಿನ್ ಎಷ್ಟು ಜೋರಾಗಿ ಎಳೆಯುತ್ತದೆ, ಎಷ್ಟು ಪೆಟ್ರೋಲ್ ಸುಡುತ್ತದೆ, ಈ ಎರಡು ಬಿಟ್ಟು ನನಗೆ ಬೇರೆ ಕುತೂಹಲ ಇರಲಿಲ್ಲ.

ಕ್ಯಾನ್ ಅನ್ನುವ ಬಗೆಯ ಬಸ್ ಇರುವ ಗಾಡಿಗಳಲ್ಲಿ ಒಂದು ಅನುಕೂಲ ಇದೆ. (ಬಾಷ್ ಕಂಪನಿ ಇದನ್ನು ಲೋಕಕ್ಕೆ ತೋರಿಸಿದ್ದು 1986ರಲ್ಲಿ, ಇವತ್ತಿಗೂ ಕಾರುಗಳು ಇದರ ಮೇಲೇ ನಡೆಯುತ್ತಿವೆ.) ಒಂದೇ ಪ್ರಶ್ನೆಯಲ್ಲಿ ಆರು ಸಂಗತಿವರೆಗೆ ಕೇಳಬಹುದು. ಆದರೆ ಒಂದು ಫ್ರೇಮಿನಲ್ಲಿ, ಅಂದರೆ ಒಂದು ಸಂದೇಶದಲ್ಲಿ, ಎಂಟೇ ಬೈಟ್. ಉತ್ತರ ಅದಕ್ಕಿಂತ ಉದ್ದವಾದರೆ ಇಸಿಯು ಮೊದಲ ತುಂಡು ಕಳಿಸಿ ಸುಮ್ಮನಾಗುತ್ತದೆ. ನಾವು ಆ ಇಸಿಯುವಿನದೇ ಐಡಿ 7ಇ0ಗೆ ಒಂದು ಫ್ಲೋ ಕಂಟ್ರೋಲ್ ಫ್ರೇಮ್, ಅಂದರೆ ಮುಂದುವರಿಸು ಅನ್ನುವ ಸಂದೇಶ, ಕಳಿಸಬೇಕು, 30 00 00 ಅಂತ, ಆಗ ಉಳಿದದ್ದು ಬರುತ್ತದೆ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತಲ್ಲ, ಹಾಗೆ. ಇಂಟರ್ನೆಟ್ಟಿನಲ್ಲಿ ಸಿಗುವ ಬಹಳಷ್ಟು ಸಣ್ಣ ಉದಾಹರಣೆ ಕೋಡುಗಳು ಈ ಹೂಂ ಹೇಳುವುದೇ ಇಲ್ಲ, ಯಾಕೆಂದರೆ ಅವು ಒಂದೊಂದೇ ಸಂಗತಿ ಕೇಳುತ್ತವೆ.

ಸಾಮಾನು ದೊಡ್ಡದೇನಲ್ಲ. ಇಎಸ್‌ಪಿ32 ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಅದರೊಳಗೇ ಕ್ಯಾನ್ ಕಂಟ್ರೋಲರ್ ಇದೆ. ಅದರ ಹೊರಗೆ 3.3 ವೋಲ್ಟಿನ ಒಂದು ಕ್ಯಾನ್ ಟ್ರಾನ್ಸ್‌ಸೀವರ್, ಅಂದರೆ ಬಸ್ಸಿಗೆ ಸಂಕೇತ ಕಳಿಸುವ, ಹಿಡಿಯುವ ಚಿಪ್. ವೇಗೋತ್ಕರ್ಷ ಅಳೆಯೋಕೆ ಎಂಪಿಯು6050 ಸೆನ್ಸರ್, ಒಂದು ಜಿಪಿಎಸ್, ಒಂದು ಎಸ್‌ಡಿ ಕಾರ್ಡ್. ಪೋರ್ಟಿನಲ್ಲಿ 6ನೇ ಪಿನ್ ಕ್ಯಾನ್ ಹೈ, 14ನೇದು ಕ್ಯಾನ್ ಲೋ, 4 ಮತ್ತು 5 ಅರ್ಥ್, 16ನೇದು ಬ್ಯಾಟರಿ. ಟ್ರಾನ್ಸ್‌ಸೀವರ್ ಬೋರ್ಡ್ ಕೊಂಡವರು ಒಂದು ಗಮನಿಸಿ. ಅದರ ಮೇಲೆ 120 ಓಮಿನ ಸಣ್ಣ ರೆಸಿಸ್ಟರ್ ಬೆಸೆದಿರುತ್ತಾರೆ. ಕಾರಿನ ಬಸ್ಸಿನ ಎರಡೂ ತುದಿಗೆ ಆಗಲೇ 120, 120 ಇರುತ್ತವೆ. ಗಾಡಿ ಆಫ್ ಮಾಡಿ 6 ಮತ್ತು 14ರ ನಡುವೆ ಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸುತ್ತದೆ. ನಮ್ಮದನ್ನೂ ಸೇರಿಸಿದರೆ 40ಕ್ಕೆ ಇಳಿಯುತ್ತದೆ. ಅದನ್ನು ಕಿತ್ತು ಹಾಕಿಯೇ ಜೋಡಿಸಬೇಕು. ಇನ್ನೊಂದು ಮಾತು: ಮೊದಲು ಲಿಸನ್ ಓನ್ಲಿ ಮೋಡಿನಲ್ಲಿ (ಏನೂ ಕಳಿಸದೆ ಬರೀ ಕೇಳಿಸಿಕೊಳ್ಳುವುದು) ಇಟ್ಟು ಬಸ್ಸಿನ ವೇಗ ಸರಿ ಇದೆಯಾ ಅಂತ ನೋಡಿಕೊಳ್ಳಿ, ಬಹಳ ಕಾರುಗಳಲ್ಲಿ 500 ಕೆಬಿಪಿಎಸ್. ತಪ್ಪು ವೇಗದಲ್ಲಿ ಮಾತಾಡಿದರೆ ಬಸ್ಸಿನಲ್ಲಿ ಎರರ್ ಫ್ರೇಮ್ ಸುರಿಯುತ್ತವೆ, ಬ್ರೇಕಿನ ಎಬಿಎಸ್ ಕೂಡ ಅದೇ ಬಸ್ಸಿನಲ್ಲಿ ಇರಬಹುದು. ಇದು ಆಟ ಆಡುವ ಜಾಗ ಅಲ್ಲ.

ಕರೆಂಟಿನ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು. 12 ವೋಲ್ಟ್ ಅಂತ ಹೆಸರಿಗಷ್ಟೇ. ಗಾಡಿ ಓಡುವಾಗ 14ರ ಹತ್ತಿರ, ಸ್ಟಾರ್ಟರ್ ತಿರುಗುವಾಗ 9ಕ್ಕಿಂತಲೂ ಕೆಳಗೆ ಹೋಗಬಹುದು, ಬ್ಯಾಟರಿ ಟರ್ಮಿನಲ್ ಸಡಿಲಾದರೆ ಆಲ್ಟರ್ನೇಟರ್ ಕ್ಷಣಕಾಲ ಅದರ ಎಷ್ಟೋ ಪಟ್ಟು ಎತ್ತಿ ಹಾಕುತ್ತದೆ. ಅದಕ್ಕೆ ಮುಂದೆ ಒಂದು ಫ್ಯೂಸ್, ಏಕಾಏಕಿ ಏರಿದ ವೋಲ್ಟೇಜ್ ತಡೆಯೋಕೆ ಒಂದು ಟಿವಿಎಸ್ ಡಯೋಡ್, ಆಮೇಲೆ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್. 16ನೇ ಪಿನ್ನಿಗೆ ಯಾವಾಗಲೂ ಕರೆಂಟ್ ಇರುತ್ತದೆ, ಕೀ ತೆಗೆದರೂ. ಡಬ್ಬಿ 50 ಮಿಲಿಆಂಪ್ ಕುಡಿಯುತ್ತಾ ಕೂತರೆ ದಿನಕ್ಕೆ 1.2 ಆಂಪ್ ಅವರ್. 35 ಆಂಪ್ ಅವರ್ ಬ್ಯಾಟರಿಯ ಗಾಡಿಯನ್ನು ಹತ್ತು ದಿನ ನಿಲ್ಲಿಸಿ ಊರಿಗೆ ಹೋದರೆ ಮೂರರಲ್ಲಿ ಒಂದು ಪಾಲು ಖಾಲಿ. ಇಎಸ್‌ಪಿ32 ಚಿಪ್ ನಿದ್ದೆಯಲ್ಲಿ ಮೈಕ್ರೋಆಂಪ್‌ಗಳಲ್ಲಿ ಬದುಕುತ್ತದೆ, ನಿಜ, ಆದರೆ ಅದರ ಬೋರ್ಡಿನ ರೆಗ್ಯುಲೇಟರ್, ಎಲ್‌ಇಡಿ, ಜಿಪಿಎಸ್ ಎಚ್ಚರವಾಗಿಯೇ ಇರುತ್ತವೆ. ನಾನು ಬ್ಯಾಟರಿ ವೋಲ್ಟೇಜನ್ನೇ ಕೀಲಿ ಮಾಡಿಕೊಂಡೆ. 13.2ಕ್ಕಿಂತ ಮೇಲಿದ್ದರೆ ಎಂಜಿನ್ ಓಡುತ್ತಿದೆ, ಎಲ್ಲವನ್ನೂ ಎಬ್ಬಿಸು. ಕೆಳಗಿಳಿದು ಸ್ವಲ್ಪ ಹೊತ್ತಾದರೆ ಫೈಲ್ ಮುಚ್ಚಿ, ಜಿಪಿಎಸ್ ಮತ್ತು ಕಾರ್ಡಿನ ಕರೆಂಟ್ ಕತ್ತರಿಸಿ ಮಲಗು.

ಡಬ್ಬಿಯ ಬಗ್ಗೆ ಎರಡೇ ಮಾತು. ತ್ರೀಡಿ ಪ್ರಿಂಟ್ ಮಾಡಿಸುವವರು ಪಿಎಲ್‌ಎ ಬೇಡ ಅನ್ನಿ, ಅದು 60 ಡಿಗ್ರಿಗೆ ಮೆತ್ತಗಾಗುತ್ತದೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ದಾಟುತ್ತದೆ. ವಾಯರಿಂಗ್ ಅಂಗಡಿಯ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಸಾಕು. ಜಂಪರ್ ವಾಯರ್ ನಂಬಬೇಡಿ, ಜೀರೋ ಪಿಸಿಬಿ ಮೇಲೆ ಬೆಸುಗೆ ಹಾಕಿ.

ಮುಖ್ಯವಾದದ್ದು ಸಮಯ. ಇಸಿಯು ಉತ್ತರ, ಜಿಪಿಎಸ್, ವೇಗೋತ್ಕರ್ಷ ಮೂರೂ ಬೇರೆ ಬೇರೆ ಗತಿಯಲ್ಲಿ ಬರುತ್ತವೆ. ಇವನ್ನು ಒಂದು ಸಾಲಿನಲ್ಲಿ ತುರುಕುವುದನ್ನು ಬಿಟ್ಟು, ಪ್ರತಿಯೊಂದಕ್ಕೂ ಅದು ಬಂದ ಮೈಕ್ರೋಸೆಕೆಂಡ್ ಹಚ್ಚಿ ಪ್ರತ್ಯೇಕ ದಾಖಲೆಯಾಗಿ ಬರೆದೆ. ಇಸಿಯುಗೆ ಮಾತ್ರ ಎರಡು ಸಮಯ, ಕೇಳಿದ್ದು ಯಾವಾಗ, ಉತ್ತರ ಬಂದದ್ದು ಯಾವಾಗ. ಸಂಖ್ಯೆ ಹುಟ್ಟಿದ್ದು ಇವೆರಡರ ನಡುವೆ ಎಲ್ಲೋ ಅಂತಾದರೂ ಗೊತ್ತಾಗುತ್ತದೆ. ಸೆಕೆಂಡಿಗೆ ನೂರು ದಾಖಲೆ, ಒಂದೊಂದು 20 ಬೈಟ್ ಅಂದರೂ ಗಂಟೆಗೆ 7 ಎಂಬಿ ಚಿಲ್ಲರೆ, ಇವತ್ತಿನ ಕಾರ್ಡಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಎಸ್‌ಡಿ ಕಾರ್ಡ್ ಆಗಾಗ ನೂರಾರು ಮಿಲಿಸೆಕೆಂಡ್ ತನ್ನ ಒಳಗಿನ ಕೆಲಸದಲ್ಲಿ ಮುಳುಗಿಬಿಡುತ್ತದೆ. ಆಗ ಬಂದದ್ದನ್ನೆಲ್ಲ ಮೆಮರಿಯಲ್ಲಿ ಒಂದು ರಿಂಗ್ ಬಫರಿನಲ್ಲಿ ಹಿಡಿದಿಡಬೇಕು. ಇಎಸ್‌ಪಿ32ಗೆ ಎರಡು ಕೋರ್ ಇರುವುದು ಇಲ್ಲಿ ಕೆಲಸಕ್ಕೆ ಬಂತು: ಒಂದು ಕೋರ್ ಕೇಳುತ್ತಾ ತುಂಬುತ್ತದೆ, ಇನ್ನೊಂದು ಬರೆಯುತ್ತಾ ಖಾಲಿ ಮಾಡುತ್ತದೆ.

ವೇಗವನ್ನು ನಾನು ಇಸಿಯು ಹತ್ತಿರ ಕೇಳುವುದೇ ಇಲ್ಲ. ಅದು ಕೊಡುವುದು ಒಂದೇ ಬೈಟ್, ಪೂರ್ಣ ಕಿಲೋಮೀಟರ್. 41 ಆದ ಮೇಲೆ 42, ನಡುವೆ ಏನಿಲ್ಲ. ಇದರಿಂದ ವೇಗೋತ್ಕರ್ಷ ತೆಗೆದರೆ ಗ್ರಾಫ್ ಬರೀ ಮುಳ್ಳು. ಡಯಲ್ ಮೇಲೆ ಕಾಣುವ ವೇಗವೋ ಬೇರೆಯೇ ಕಥೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಡಯಲ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು, ಸ್ವಲ್ಪ ಜಾಸ್ತಿ ತೋರಿಸಿದರೆ ನಡೆಯುತ್ತದೆ, ಹಾಗಾಗಿ ಕಂಪನಿಗಳು ಜಾಸ್ತಿ ಕಡೆಗೇ ಇಡುತ್ತವೆ. ನನ್ನ ಗಾಡಿಯ ಡಯಲ್ 80 ಅನ್ನುವಾಗ ಜಿಪಿಎಸ್ 76ರ ಆಸುಪಾಸು ಅನ್ನುತ್ತದೆ. ಜಿಪಿಎಸ್ ವೇಗವನ್ನು ಡಾಪ್ಲರ್ ಲೆಕ್ಕದಿಂದ ತೆಗೆಯುವುದರಿಂದ ತೆರೆದ ಆಕಾಶದಡಿ ಬಹಳ ನಿಖರ. (ಜಿಪಿಎಸ್ ಕಳಿಸುವ ಎನ್‌ಎಂಇಎ ಮಾದರಿಯ ಸಾಲಿನಲ್ಲಿ ಅದು ನಾಟ್‌ನಲ್ಲಿ ಬರುತ್ತದೆ, 1.852ರಿಂದ ಗುಣಿಸುವುದನ್ನು ಮರೆಯಬೇಡಿ.) ನಿಯೋ-6ಎಂ ಮಾಡ್ಯೂಲ್ ಸೆಕೆಂಡಿಗೆ ಐದು ಸಲ ಕೊಡಬಲ್ಲದು, ನನಗೆ ಅಷ್ಟು ಸಾಕು. ನಡುವಿನ ಸಂದು ತುಂಬೋಕೆ ಎಂಪಿಯು6050 ಇದೆ, ಆದರೆ ಅದನ್ನು ಅಳತೆಗೋಲು ಅಂತ ನಂಬುವ ಹಾಗಿಲ್ಲ. ಡಬ್ಬಿ ಒಂದು ಡಿಗ್ರಿ ವಾಲಿದರೂ ಗುರುತ್ವದ ಪಾಲು ಸೇರಿ 0.17 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ತಪ್ಪು ಬರುತ್ತದೆ, ಎಕ್ಸಲೇಟರ್ ಒತ್ತಿದಾಗ ಗಾಡಿಯ ಮೂತಿ ತಾನೇ ಮೇಲೇಳುತ್ತದಲ್ಲ.

ಇನ್ನು ಓಡಿಸುವುದು ಎಲ್ಲಿ? ಹುಬ್ಬಳ್ಳಿ-ಧಾರವಾಡ ಊರೊಳಗಿನ ರಸ್ತೆಯಲ್ಲಿ ಸಿಗ್ನಲ್ಲು, ನಡುವೆ ಚಿಗರಿ ಬಸ್ಸಿಗೆಂದೇ ಬಿಟ್ಟ ಪಥ. ಗಬ್ಬೂರಿಂದ ನರೇಂದ್ರದ ಬೈಪಾಸಿನಲ್ಲಿ ಇಂಥ ಪ್ರಯೋಗ ಮಾಡುವುದು ಅಂದರೆ ಬುದ್ಧಿ ಇಲ್ಲ ಅಂತ ಅರ್ಥ. ಎಷ್ಟೋ ವರ್ಷ ಎರಡೇ ಲೇನಿನಲ್ಲಿ ಎದುರುಬದುರು ಲಾರಿ ಓಡಿದ ರಸ್ತೆ ಅದು, ಅಲ್ಲಿ ಸತ್ತವರ ಮನೆಗಳು ನಮ್ಮ ಓಣಿಗಳಲ್ಲೇ ಇವೆ. ನಾನು ಗದಗ ರಸ್ತೆ ಹಿಡಿದೆ, ಬೆಳಿಗ್ಗೆ ಬೇಗ, ಅಣ್ಣಿಗೇರಿ ದಾಟಿದ ಮೇಲೆ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅನ್ನುವ ಹುಚ್ಚಿಲ್ಲ. ಮೂರನೇ ಗೇರಿನಲ್ಲಿ 40ರಿಂದ 80, ಅಷ್ಟೇ. ಲೆಕ್ಕ ಸರಳ: ತೂಕ ಇಂಟು ವೇಗೋತ್ಕರ್ಷ ಇಂಟು ವೇಗ. ನಾನು ಕೂತ ಗಾಡಿ ಸುಮಾರು 1000 ಕೆಜಿ. ಗಂಟೆಗೆ 60 ಅಂದರೆ ಸೆಕೆಂಡಿಗೆ 16.7 ಮೀಟರ್. ಆಗ ವೇಗೋತ್ಕರ್ಷ 1.5 ಇದ್ದರೆ 25 ಕಿಲೋವ್ಯಾಟ್, ಅಂದರೆ 34 ಹಾರ್ಸ್ ಪವರ್ ಬರೀ ವೇಗ ಏರಿಸೋಕೆ ಹೋಯಿತು. ಗಾಳಿ ಮತ್ತು ಟಯರ್ ತಿಂದದ್ದು ಬೇರೆ.

ಆ ಬೇರೆಯದನ್ನು ಅಳೆಯುವುದಕ್ಕೆ 80ರಲ್ಲಿ ನ್ಯೂಟ್ರಲ್ ಮಾಡಿ ಗಾಡಿಯನ್ನು ತಾನಾಗಿ ನಿಧಾನವಾಗಲು ಬಿಡಬೇಕು. ಇಂಥ ಗಾಡಿ 60ಕ್ಕೆ ಇಳಿಯೋಕೆ ಸುಮಾರು 20 ಸೆಕೆಂಡ್ ಬೇಕು. ಸಮತಟ್ಟು ಅಂತ ಕಣ್ಣಿಗೆ ಕಾಣುವ ರಸ್ತೆ ನೂರು ಮೀಟರಿಗೆ ಒಂದು ಮೀಟರ್ ಇಳಿದಿದ್ದರೂ ಈ ಲೆಕ್ಕ ಪೂರ್ತಿ ಕೆಡುತ್ತದೆ, ಅದಕ್ಕೇ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಆದರೆ ನಮ್ಮ ಕಡೆ ಇನ್ನೊಂದಿದೆ, ಗಾಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಬೀಸುವಾಗ ಗದಗಿಗೆ ಹೋಗುವ ಗಾಡಿ ಒಂದು, ಗದಗಿನಿಂದ ಬರುವ ಗಾಡಿ ಇನ್ನೊಂದು ಅನ್ನುವಷ್ಟು ವ್ಯತ್ಯಾಸ ಗ್ರಾಫಿನಲ್ಲಿ ಕಾಣುತ್ತದೆ. ಇನ್ನು ಎರಿ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಆ ನೆಲದ ಮೇಲಿನ ಒಳರಸ್ತೆಗಳು ಅಲೆ ಅಲೆಯಾಗಿ ಏಳುತ್ತವಲ್ಲ, ಆ ಅಲೆಗಳು ಮೇಲೆ-ಕೆಳಗಿನ ಗ್ರಾಫಿನಲ್ಲಿ ಹಾಗೇ ಮೂಡುತ್ತವೆ. ಅದನ್ನು ನಾನು ಕೇಳಿರಲಿಲ್ಲ, ಸೆನ್ಸರ್ ಪುಗಸಟ್ಟೆ ಕೊಟ್ಟಿತು.

ಗೋಕುಲ ರೋಡಿನ ಗ್ಯಾರೇಜಿನಲ್ಲಿ ಸರ್ವೀಸಿಗೆ ಬಿಟ್ಟಾಗ ಮೇಸ್ತ್ರಿ ಡಬ್ಬಿ ನೋಡಿದರು. ಕ್ಯಾನ್ ಬಸ್, ಹಾರ್ಸ್ ಪವರ್ ಅಂತೆಲ್ಲ ನಾನು ಶುರು ಮಾಡುವಷ್ಟರಲ್ಲೇ ಅವರು ಕೇಳಿದ್ದು: “ಅದೆಲ್ಲಾ ಇರ್ಲಿ ಸರ, ಗಾಡಿ ಎಷ್ಟ್ ಕೊಡತೈತಿ ಅಂತ ಹೇಳತೈತೇನ್ರಿ ಇದು?” ಸರಿಯಾದ ಪ್ರಶ್ನೆ. ಊರಿನಲ್ಲಿ ಕಾರಿನ ಬಗ್ಗೆ ಯಾರಾದರೂ ಕೇಳುವುದು ಇದೊಂದನ್ನೇ, ಮತ್ತು ಈಗ ಪೆಟ್ರೋಲಿನಲ್ಲಿ ಎಥನಾಲ್ ಬೆರೆತು ಬಂದ ಮೇಲೆ ಪಂಪಿನ ಮುಂದೆ ನಿಂತವರೆಲ್ಲ ಅದನ್ನೇ ಮಾತಾಡುತ್ತಾರೆ.

ನನ್ನ ಗಾಡಿಯಲ್ಲಿ ಗಾಳಿ ಅಳೆಯುವ ಮಾಫ್ ಸೆನ್ಸರ್ ಇಲ್ಲ. ಇನ್‌ಟೇಕ್ ಒತ್ತಡ, ತಾಪ, ಆರ್‌ಪಿಎಂ, ಎಂಜಿನ್ ಗಾತ್ರ ಇವುಗಳಿಂದ ಗಾಳಿಯ ತೂಕ ಲೆಕ್ಕ ಹಾಕಬೇಕು. 1.2 ಲೀಟರ್ ಎಂಜಿನ್ 2000 ಆರ್‌ಪಿಎಂನಲ್ಲಿ, 50 ಕಿಲೋಪಾಸ್ಕಲ್ ಒತ್ತಡದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 9 ಗ್ರಾಂ ಗಾಳಿ ಎಳೆಯುತ್ತದೆ. ಶುದ್ಧ ಪೆಟ್ರೋಲಿಗೆ ಒಂದು ಗ್ರಾಂಗೆ 14.7 ಗ್ರಾಂ ಗಾಳಿ ಬೇಕು. ಹಾಗೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 3 ಲೀಟರ್, 60ರ ವೇಗದಲ್ಲಿ ಲೀಟರಿಗೆ 20 ಕಿಲೋಮೀಟರ್. ಈಗ 20 ಪರ್ಸೆಂಟ್ ಎಥನಾಲ್ ಹಾಕಿ. ಎಥನಾಲಿನಲ್ಲಿ ಆಗಲೇ ಆಮ್ಲಜನಕ ಇದೆ, ಅದಕ್ಕೆ ಬೇಕಾದದ್ದು 9 ಪಟ್ಟು ಗಾಳಿ ಮಾತ್ರ. ಮಿಶ್ರಣದ ಲೆಕ್ಕ 13.5ರ ಹತ್ತಿರಕ್ಕೆ ಇಳಿಯುತ್ತದೆ. ಅದೇ 9 ಗ್ರಾಂ ಗಾಳಿಗೆ ಈಗ ಗಂಟೆಗೆ 3.2 ಲೀಟರ್, 20 ಇದ್ದದ್ದು 18.75. ಇಸಿಯು ಇದನ್ನು ಆಕ್ಸಿಜನ್ ಸೆನ್ಸರಿನಿಂದ ಪತ್ತೆ ಮಾಡಿ ತಾನೇ ಜಾಸ್ತಿ ಪೆಟ್ರೋಲ್ ಹಾಕುತ್ತದೆ. 07 ಅಂತ ಕೇಳಿದರೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಬರುತ್ತದೆ, ಎಷ್ಟು ಪರ್ಸೆಂಟ್ ಜಾಸ್ತಿ ಹಾಕುತ್ತಿದೆ ಅಂತ ಅಲ್ಲಿ ಕಾಣುತ್ತದೆ. ಗ್ರಾಫ್ ಹಾಕಿ 14.7 ಅಂತಲೇ ಲೆಕ್ಕ ಮಾಡುವ ಆಪ್‌ಗಳು ಈಗಲೂ 20 ಅಂತ ಸಮಾಧಾನ ಹೇಳುತ್ತಿರುತ್ತವೆ. ಈ ಲೆಕ್ಕದಲ್ಲೂ ಎಂಜಿನ್ ಎಷ್ಟು ಚೆನ್ನಾಗಿ ಉಸಿರಾಡುತ್ತದೆ ಅನ್ನುವ ಒಂದು ಅಂದಾಜಿನ ಸಂಖ್ಯೆ ಇದೆ. ಅದನ್ನು ಹೊಂದಿಸೋಕೆ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸುವ ನಮ್ಮ ಅಪ್ಪಂದಿರ ಲೆಕ್ಕವೇ ಗತಿ.

ಇದರಲ್ಲಿ ಮೇಸ್ತ್ರಿಗೂ ನನಗೂ ಜಗಳ ಬಂದದ್ದು ಒಂದೇ ಕಡೆ. ಇಳುಕಲಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಅವರು. ಧಾರವಾಡ ಎತ್ತರದಲ್ಲಿದೆ, ಅಲ್ಲಿಂದ ಬರುವಾಗ ಇಂಥ ಇಳುಕಲು ಸಿಗುತ್ತವೆ. ನನ್ನ ವಾದ ಬೇರೆ: ಗೇರಿನಲ್ಲೇ ಇಟ್ಟು ಎಕ್ಸಲೇಟರಿನಿಂದ ಕಾಲು ತೆಗೆದರೆ ಇಸಿಯು ಇಂಜೆಕ್ಟರನ್ನೇ ಬಂದ್ ಮಾಡುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. 03 ಅಂತ ಕೇಳಿದರೆ ಅದು ಫ್ಯೂಯಲ್ ಕಟ್ ಅಂತ ಒಪ್ಪಿಕೊಳ್ಳುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಐಡಲ್ ನಡೆಯಲು ಪೆಟ್ರೋಲ್ ಕುಡಿಯಲೇಬೇಕು. ಗ್ರಾಫ್ ತೋರಿಸಿದೆ. ಅವರು ನೋಡಿ, “ಖರೆ ಐತ್ರಿ, ಆದ್ರ ನ್ಯೂಟ್ರಲ್‌ದಾಗ ಗಾಡಿ ಭಾಳ ದೂರ ಹೋಗತೈತಲ್ರೀ” ಅಂದರು. ಅದೂ ಖರೆಯೇ. ಸೆಕೆಂಡಿಗೆ ಎಷ್ಟು ಅಂತ ಕೇಳಿದರೆ ನಾನು ಗೆದ್ದೆ, ಕಿಲೋಮೀಟರಿಗೆ ಎಷ್ಟು ಅಂತ ಕೇಳಿದರೆ ಇಳುಕಲಿನ ಮೇಲೆ ಹೋಗುತ್ತದೆ. ಆದರೂ ನ್ಯೂಟ್ರಲ್‌ನಲ್ಲಿ ಎಂಜಿನ್ ಬ್ರೇಕ್ ಇರುವುದಿಲ್ಲ, ಅದಕ್ಕೆ ಇಳುಕಲಿನಲ್ಲಿ ನಾನು ಹಾಗೆ ಮಾಡುವುದಿಲ್ಲ.

ನಡುವೆ ಒಂದು ಮಜಾ. ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಇನ್‌ಟೇಕ್ ಒತ್ತಡ ಕೇಳಿದರೆ ಅದು ಆ ಊರಿನ ಗಾಳಿಯ ಒತ್ತಡವೇ. ಹುಬ್ಬಳ್ಳಿಯಲ್ಲಿ 93, 94 ಕಿಲೋಪಾಸ್ಕಲ್. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಅಂಕೋಲಾಕ್ಕೆ ಹೋಗಿ ಕೇಳಿದರೆ 101ರ ಹತ್ತಿರ. ಸಮುದ್ರದ ಹತ್ತಿರ ಗಾಡಿ ಜೋರಾಗಿ ಎಳೆಯುತ್ತದೆ ಅನ್ನಿಸುವುದು ಬರೀ ರಜೆಯ ಖುಷಿಯಲ್ಲ.

ಈಗ ಹಾವೇರಿಯ ಮಾಮಾ ಗಂಟು ಬಿದ್ದಿದ್ದಾರೆ. ಅವರದು ಗೋವಿನಜೋಳದ ಚೀಲ ಹೊರುವ ಹಳೇ ಡೀಸೆಲ್ ಪಿಕಪ್. “ನನ್ನ ಗಾಡಿಗೂ ಒಂದ್ ಹಾಕಿ ಕೊಡೋ ಅಳಿಯಾ, ಡ್ರೈವರ್ ಎಲ್ಲೆಲ್ಲಿ ಸುಮ್ನ ಚಾಲೂ ಇಟ್ಕೊಂಡ್ ನಿಂದರ್ತಾನ ನೋಡೂಣು” ಅಂತ. ಅದರಲ್ಲಿ ಕ್ಯಾನ್ ಇಲ್ಲ, 7ನೇ ಪಿನ್ನಿನಲ್ಲಿ ಕೆ-ಲೈನ್ ಅನ್ನುವ ಹಳೇ ಒಂಟಿ ತಂತಿ, ಸೆಕೆಂಡಿಗೆ 10,400 ಬಿಟ್, ಒಂದು ಸಲಕ್ಕೆ ಒಂದೇ ಸಂಗತಿ ಕೇಳಬೇಕು. ನನ್ನ ಡಬ್ಬಿಯ ಅರ್ಧ ಕೋಡ್ ಅಲ್ಲಿ ನಡೆಯುವುದಿಲ್ಲ, ಡೀಸೆಲ್ಲಿಗೆ ಗಾಳಿ ಲೆಕ್ಕದಿಂದ ಇಂಧನ ತೆಗೆಯುವ ಉಪಾಯವೂ ನಡೆಯುವುದಿಲ್ಲ. ಆದರೆ ಮಾಮಾಗೆ ಬೇಕಾದದ್ದು ಆರ್‌ಪಿಎಂ ಮತ್ತು ಜಿಪಿಎಸ್ ಎರಡೇ. ಎಂಜಿನ್ ತಿರುಗುತ್ತಿದೆ, ಗಾಡಿ ನಿಂತಿದೆ, ಎಷ್ಟು ಹೊತ್ತು. ಕೆ-ಲೈನ್ ಚಿಪ್ ಆರ್ಡರ್ ಮಾಡಿದ್ದೇನೆ. ಡ್ರೈವರ್‌ಗೆ ಮೊದಲೇ ಹೇಳಿ ಹಾಕೋಣ ಅಂತ ಮಾಮಾನ ಹತ್ತಿರ ಷರತ್ತು ಹಾಕಿದ್ದೇನೆ, ಅದಕ್ಕೆ ಅವರು ಇನ್ನೂ ಹೂಂ ಅಂದಿಲ್ಲ.